ಬೆಳ್ಳಿ ಕರಡಿಗೆ ಬಿಚ್ಚಿದ ದಿನ

ಚಾಮರಾಜಪೇಟೆಯ ಶಂಭುಲಿಂಗಪ್ಪನವರು ಎರಡು ಸಲ ಸ್ಕ್ಯಾನಿಂಗ್ ತಪ್ಪಿಸಿಕೊಂಡಿದ್ದರು. ಮೊದಲ ಸಲ ನೆಗಡಿಯ ನೆಪ, ಎರಡನೇ ಸಲ ಆ ಕೊಳವೆಯೊಳಗೆ ಮಲಗಲು ಭಯ. ನಲವತ್ತು ವರ್ಷ ಚಿಕ್ಕಪೇಟೆಯ ಕಿಟಕಿಯಿಲ್ಲದ ಗೋಡೌನಿನಲ್ಲಿ ಸೀರೆ ಜೋಡಿಸಿದ ಮನುಷ್ಯನಿಗೆ ಭಯವಂತೆ. ಹೆಂಡತಿ ಶೈಲಜಮ್ಮ ನಂಬಲಿಲ್ಲ.

ಎದೆಬಡಿತ ತಾಳ ತಪ್ಪಿ ವರ್ಷವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಬಡಿತ ಕೆಡಿಸುವ ಜಾಗವನ್ನು ಒಳಗಿಂದಲೇ ಸುಟ್ಟು ಸರಿಮಾಡಬಹುದು. ಆದರೆ ಹೃದಯದ ಮೇಲಿನ ಕೋಣೆಯ ಗೋಡೆಯಲ್ಲಿ ಕಲೆಗಟ್ಟಿದ ಭಾಗ ಜಾಸ್ತಿಯಿದ್ದರೆ ಪ್ರಯೋಜನ ಕಡಿಮೆ, ಎಂಆರ್‌ಐ ನೋಡಿ ಹೇಳುತ್ತೇನೆ ಎಂದಿದ್ದರು ಡಾಕ್ಟರ್ ಶಿವಕುಮಾರಿ.

“ಈಗ ನಿಜ ಹೇಳ್ರೀ,” ಎಂದು ಶೈಲಜಮ್ಮ ಪಟ್ಟು ಹಿಡಿದರು.

“ಮೈಮೇಲೆ ಲೋಹ ಇರಬಾರ್ದಂತೆ. ಲಿಂಗದ ಕರಡಿಗೆ ತೆಗೀಬೇಕು. ದೀಕ್ಷೆ ಆದಾಗಿಂದ ಲಿಂಗ ಮೈ ಬಿಟ್ಟಿಲ್ಲ ಕಣೆ.”

ಶೈಲಜಮ್ಮನವರಿಗೆ ಸಿಟ್ಟು ನೆತ್ತಿಗೇರಿತು. “ಬೆಳ್ಳಿ ಇರೋದು ಕರಡಿಗೇಲಿ. ಒಳಗಿರೋ ಲಿಂಗ ಕಲ್ಲಲ್ವಾ? ನಿಮ್ಮ ತಾತ ಬಟ್ಟೇಲೇ ಕಟ್ಕೊಂಡಿದ್ರು. ಡಾಕ್ಟರನ್ನ ಒಂದ್ಮಾತು ಕೇಳ್ಬಾರ್ದಿತ್ತಾ?”

“ಕೇಳಿ, ಬೇಡ ಅಂದ್ಬಿಟ್ರೆ?”

ಫೋನ್ ಮಾಡಿ ಕೇಳಿದ್ದು ಶೈಲಜಮ್ಮನೇ. ಸ್ಕ್ಯಾನಿನ ಬೆಳಿಗ್ಗೆ ಟೆಕ್ನಿಷಿಯನ್ ಶರಣ್ ಲಿಂಗದ ಹತ್ತಿರ ಕೈ ಆಯಸ್ಕಾಂತ ಹಿಡಿದು ಪರೀಕ್ಷಿಸಿದ, ಡಾಕ್ಟರು ಒಪ್ಪಿದರು. ಶಂಭುಲಿಂಗಪ್ಪನವರು ಲಿಂಗವನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ದಿನವೂ ಪೂಜೆಗೆ ಹಿಡಿಯುವಂತೆ ಎಡಗೈಯಲ್ಲಿ ಹಿಡಿದು ಮಲಗಿದರು. ಯಂತ್ರ ಗಡಗಡ ಸದ್ದು ಮಾಡಿತು. ಉಸಿರು ಹಿಡೀರಿ ಎಂದಾಗ ಹಿಡಿದರು, ಬಿಡಿ ಎಂದಾಗ ಬಿಟ್ಟರು. ಮುಕ್ಕಾಲು ಗಂಟೆ ಮೈ ಅಲುಗಲಿಲ್ಲ.

“ಇಷ್ಟು ಸುಮ್ನೆ ಯಾರೂ ಮಲಗಲ್ಲ ಸರ್. ಚಿತ್ರ ತುಂಬಾ ಕ್ಲಿಯರಾಗಿ ಬಂದಿದೆ,” ಎಂದ ಶರಣ್.

ಸಂಜೆ ಡಾಕ್ಟರು ಪರದೆಯನ್ನು ಅವರತ್ತ ತಿರುಗಿಸಿದರು. “ಕಲೆ ಬಹಳ ಕಡಿಮೆ ಇದೆ. ಗ್ಯಾರಂಟಿ ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಹೀಗಿದ್ದೋರಿಗೆ ಆಪರೇಷನ್ ಸಾಮಾನ್ಯವಾಗಿ ಚೆನ್ನಾಗೇ ಆಗತ್ತೆ. ಇನ್ನೂ ತಳ್ಳಿಕೊಂಡು ಹೋಗಿದ್ರೆ ಹೀಗೆ ಹೇಳೋಕಾಗ್ತಿತ್ತೋ ಇಲ್ವೋ.”

ಶಂಭುಲಿಂಗಪ್ಪನವರಿಗೆ ಹೋದ ಜೀವ ಬಂದಂತಾಯಿತು. ತಮ್ಮ ಹಟಕ್ಕೆ ನಾಚಿಕೆಯೂ ಆಯಿತು, ಕಣ್ಣೂ ತುಂಬಿತು.

ಹೊರಗೆ ಬಂದು ಆಟೋ ಹತ್ತುವಾಗ ಶೈಲಜಮ್ಮ ವ್ಯಾನಿಟಿ ಬ್ಯಾಗಿನಿಂದ ಕರಡಿಗೆ ತೆಗೆದರು. “ತಗೊಳ್ಳಿ, ಇನ್ನು ಹಾಕ್ಕೊಳ್ಳಿ.”

ಶಂಭುಲಿಂಗಪ್ಪನವರು ಎದೆಯ ಮೇಲೆ ಲಿಂಗ ಕಟ್ಟಿಕೊಂಡಿದ್ದ ಬಟ್ಟೆಯ ಗಂಟನ್ನು ಮುಟ್ಟಿ ನೋಡಿಕೊಂಡರು.

“ನಿನ್ ಹತ್ರಾನೇ ಇರ್ಲಿ ಕಣೆ. ಆಪರೇಷನ್ ಆಗೋವರೆಗೂ ಬಟ್ಟೇನೇ ಸಾಕು.”