ಎಂಟು ರಟ್ಟುಗಳ ಸಾಲು

ಪಂಪಿನ ಪೆಟ್ಟಿಗೆಗಳನ್ನು ಬಿಚ್ಚಿ, ವರ್ಕ್‌ಶಾಪಿನ ನೆಲದ ಮೇಲೆ ಎಂಟು ರಟ್ಟುಗಳನ್ನು ಸಾಲಾಗಿ ಹಾಸಿದ್ದ ನಮ್ಮ ವೆಲ್ಡರ್ ಜಗತಾರ್ ಸಿಂಗ್. ಏಳು ನಮಗೆ, ಒಂದು ಅವನಿಗೆ. ಅವನು ಸೌದಿಯ ಉನೈಜಾಕ್ಕೆ ಬಂದು ಹನ್ನೊಂದು ವರ್ಷ. ಪ್ರತಿ ಗುರುನಾನಕ್ ಜಯಂತಿಯನ್ನೂ ರೂಮಿನಲ್ಲಿ ಒಬ್ಬನೇ ಉಂಡು ಮುಗಿಸಿದ್ದ. ತೊಂಬತ್ನಾಲ್ಕರಲ್ಲಿ ಹಬ್ಬ ರಜೆಯ ಶುಕ್ರವಾರವೇ ಬಂತು. ಎಲ್ಲರನ್ನೂ ಕರೆದ.

"ಒಂದೇ ಸಾಲಲ್ಲಿ ನೆಲಕ್ಕೆ ಕೂತು ತಿನ್ನಬೇಕು, ಲಿಂಗರಾಜ್ ಭಾಯಿ. ಅದಿಲ್ಲದೆ ಎಂಥ ಹಬ್ಬ?"

ಹಿಂದಿನ ದಿನವೇ ಫೋರ್‌ಮನ್, ಉಳ್ಳಾಲದ ಮೂಸಾಕ, ನನ್ನನ್ನು ತಡೆದಿದ್ದರು. "ಎಂತ ಮಾರಾಯ, ತಲೆ ಸರಿ ಉಂಟಾ? ಇಲ್ಲಿ ಪೂಜೆ ಗೀಜೆ ಅಂತ ನಮ್ಮ ಧಣಿ ಕಫೀಲನ ಕಿವಿಗೆ ಬಿದ್ದರೆ ಇಕಾಮಾ ಕಿತ್ತುಕೊಂಡು ವಿಮಾನ ಹತ್ತಿಸ್ತಾನೆ."

ಡ್ರಾಯಿಂಗ್ ಟೇಬಲ್ಲಿನ ವಿನಯ್, ಮೈಸೂರಿನವರು, ನಕ್ಕರು. "ನೆಲದ ಮೇಲೆ, ಎಲ್ಲರ ಜೊತೆ? ನಂಗಾಗಲ್ಲಪ್ಪ."

ಎಲ್ಲರೂ ಅಂದರೆ ನಾನು. ಬಂದ ವಾರದಲ್ಲೇ ನನ್ನ ಕೇರಿ ಯಾವುದೆಂದು ಕೆದಕಿ ತಿಳಿದುಕೊಂಡಿದ್ದರು. ಆಮೇಲೆ ನಾನು ಮಾಡಿದ ಟೀ ಅವರಿಗೆ ಸೇರಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಹೋದವನು ನಾನೊಬ್ಬನೇ. ವಾಸದ ಪರವಾನಗಿ, ಆ ಇಕಾಮಾ, ಜೇಬಿನಲ್ಲಿ ಸುಡುತ್ತಿತ್ತು. ಕೂತೆ, ಬೊಗಸೆ ಒಡ್ಡಿದೆ. ಹಲ್ವದ ಪಾತ್ರೆ ಹಿಡಿದು ಬಗ್ಗಿದ ಜಗತಾರ್ ಹಾಗೇ ನಿಂತ.

"ಕೈ ಯಾಕೆ ಅಷ್ಟು ಕೆಳಗೆ?"

ನೋಡಿಕೊಂಡೆ. ಬೊಗಸೆ ಮಡಿಲಿಗೆ ಇಳಿದಿತ್ತು. ನಮ್ಮೂರ ಗುಡಿಯ ಹೊರಗೆ ಪ್ರಸಾದವನ್ನು ಮೇಲಿಂದ ಉದುರಿಸುತ್ತಿದ್ದರು. ಅವರಿಗೆ ತಾಗದಂತೆ ಕೈ ಇಳಿಸಬೇಕಾದವರು ನಾವು. ಸಮುದ್ರ ದಾಟಿದವನು ನಾನು. ಕೈ ಇನ್ನೂ ಆ ಗುಡಿಯ ಹೊರಗೇ ನಿಂತಿತ್ತು.

ಜಗತಾರ್ ಮಂಡಿಯೂರಿ, ಬಿಸಿ ಹಲ್ವವನ್ನು ನನ್ನ ಅಂಗೈಗೆ ಒತ್ತಿದ. ಕಿಡಿ ಹಾರಿ ಸುಟ್ಟು ಕಲ್ಲಾದ ಬೆರಳುಗಳು. ತುಪ್ಪ ಮಣಿಕಟ್ಟಿಗೆ ಹರಿಯಿತು.

ಪಕ್ಕದಲ್ಲಿ ಕೂತು, ಬಾಗಿಲು ನೋಡುತ್ತಲೇ ತಿಂದ. ಆರು ರಟ್ಟು ಖಾಲಿ.

"ಹನ್ನೊಂದು ವರ್ಷ ಇಷ್ಟು ಖಾಲಿ ಅನಿಸಿರಲಿಲ್ಲ," ಅಂದ. "ರಟ್ಟು ಹಾಸಿರಲಿಲ್ಲವಲ್ಲ."

ಉಳಿದ ಹಲ್ವವನ್ನು ಡಬ್ಬಿಗೆ ತುಂಬಿಕೊಟ್ಟ. "ಬಾರದವರಿಗೂ ಕೊಡು. ಕೈಗೇ ಕೊಡಬೇಕು."

ಸಂಜೆ ಮೂಸಾಕ ಆಚೀಚೆ ನೋಡಿ, ಎರಡೂ ಕೈ ಚಾಚಿ ಇಸಿದುಕೊಂಡರು. "ಸಿಂಗನಿಗೆ ಹೇಳು, ಲಾಯ್ಕುಂಟು." ನನ್ನ ಮುಖ ನೋಡಲಿಲ್ಲ.

ವಿನಯ್ ಟಿವಿ ಮುಂದಿದ್ದರು. "ಓ, ಸಿಂಗ್ ಕಳಿಸಿದ್ದಾ? ಮೇಜಿನ ಮೇಲಿಡು."

ಡಬ್ಬಿ ತೆಗೆದು, ಅವರ ಪಾಲನ್ನು ಬೆರಳಲ್ಲಿ ಎತ್ತಿ ಅವರ ಎದೆಮಟ್ಟಕ್ಕೆ ಹಿಡಿದೆ.

"ಕೈ ಒಡ್ಡಿ ಸಾರ್. ಎರಡೂ ಕೈ."

"ಮೇಜಿನ ಮೇಲಿಡು ಅಂದ್ನಲ್ಲ."

"ಕೈಗೇ ಕೊಡಬೇಕಂತೆ."

ಅವರು ಟಿವಿಯ ಸದ್ದು ಜೋರು ಮಾಡಿದರು. ನಾನು ಕೈ ಇಳಿಸಲಿಲ್ಲ. ಹಲ್ವದ ತುಪ್ಪ ಬೆರಳಸಂದಿಯಲ್ಲಿ ಕರಗಿ ಇಳಿಯಿತು. ನಿಂತೇ ಇದ್ದೆ.