ಏಳನೆಯ ಹೆಸರು

ಪಾಸ್ಟರ್ ಎಲ್ಯಾಕಿಮ್ ನಮ್ಮ ಅಂಗಳಕ್ಕೆ ಬಂದಾಗ ನಾನು ಸಜ್ಜೆ ಕುಟ್ಟುತ್ತಿದ್ದೆ. ಪಕ್ಕದ ಮನೆಯ ಲೋಯಿಡೆ ನನ್ನೆದುರು ನಿಂತು ಅದೇ ಒರಳಿಗೆ ಒನಕೆ ಹಾಕುತ್ತಿದ್ದಳು. ನಮ್ಮ ಓವಾಂಬೋ ಸೀಮೆಯಲ್ಲಿ ಬಿಳಿಯರ ಸರಕಾರದ ವಿರುದ್ಧ ಯುದ್ಧ ಶುರುವಾಗಿ ಎಷ್ಟೋ ವರ್ಷಗಳಾಗಿದ್ದವು. ನನ್ನ ಮಗ ನತಾಂಗ್ವೆ ಶಾಲೆಯ ಮೇಷ್ಟ್ರು. ಮಕ್ಕಳಿಗೆ ಭಾಗಾಕಾರ ಹೇಳಿಕೊಡುತ್ತಿದ್ದವನನ್ನು ಸರಕಾರದ ಸೈನಿಕರು ಎಳೆದೊಯ್ದು ಹದಿನೇಳು ದಿನಗಳಾಗಿದ್ದವು. ಲೋಯಿಡೆಯ ಮಗಳು ರೌನಾ ನರ್ಸು, ಅವಳನ್ನೂ ಅದೇ ವಾರ ಒಯ್ದಿದ್ದರು. ಎಲ್ಲಿಟ್ಟಿದ್ದಾರೆಂದು ಯಾರೂ ಹೇಳುತ್ತಿರಲಿಲ್ಲ. ಕೈ ಸುಮ್ಮನಿದ್ದರೆ ತಲೆ ಕೆಡುತ್ತಿತ್ತು. ಹಾಗಾಗಿ ಇಬ್ಬರೂ ಬೇಕಾದ್ದಕ್ಕಿಂತ ಹೆಚ್ಚೇ ಕುಟ್ಟುತ್ತಿದ್ದೆವು.

"ಮೇಮೆ ಹಿಲ್ಯಾ, ಇಷ್ಟು ಹಿಟ್ಟು ಯಾರಿಗೆ? ಸೈನ್ಯಕ್ಕೇ ಊಟ ಹಾಕ್ತೀರಾ?" ಎಂದರು ಪಾಸ್ಟರ್. ಮೇಮೆ ಎಂದರೆ ನಮ್ಮಲ್ಲಿ ಅಮ್ಮ. ನಗಿಸಬೇಕೆಂದು ಹೇಳಿದ್ದು, ಆದರೆ ಅವರಿಗೇ ನಗು ಬರಲಿಲ್ಲ.

"ಕೂತ್ಕೊಳ್ಳಿ. ಬಂದ ವಿಷಯ ಹೇಳಿ," ಎಂದಳು ಲೋಯಿಡೆ.

ಬಿಷಪ್ಪರು ಹೊಸ ಪತ್ರ ಬರೆಯುತ್ತಿದ್ದರು. ನಾಲ್ಕಾರು ತಿಂಗಳಿಗೊಮ್ಮೆ ಅವರು ಬರೆಯುವ ಪತ್ರವನ್ನು ನಮ್ಮ ಲೂಥರನ್ ಸಭೆಯ ಎಲ್ಲ ಚರ್ಚುಗಳಲ್ಲೂ ಒಂದೇ ಭಾನುವಾರ ಓದುತ್ತಿದ್ದರು. ಗಣಿಯ ಕೂಲಿಯವರನ್ನು ಹೆಂಡತಿ ಮಕ್ಕಳಿಂದ ದೂರ ಇಡುವುದು ಪಾಪವೆಂದು ಒಮ್ಮೆ ಬರೆದಿದ್ದರು. ಕಣಜಕ್ಕೆ ಬೆಂಕಿಯಿಟ್ಟವನು ಯಾವ ಬಾಯಿಂದ ದೇವರಲ್ಲಿ ದಿನದ ರೊಟ್ಟಿ ಬೇಡುತ್ತಾನೆ ಎಂದು ಇನ್ನೊಮ್ಮೆ ಕೇಳಿದ್ದರು. ಈ ಸಲ, ಸೈನಿಕರು ಎಳೆದೊಯ್ದವರ ಹೆಸರು ಹಿಡಿದು ಅವರೆಲ್ಲಿ ಎಂದು ಕೇಳುವವರಿದ್ದರು.

"ಏಳು ಜನ ಇದಾರೆ. ಆರು ಮನೆಯವರು ಒಪ್ಪಿದಾರೆ. ನಿಮ್ಮದೊಂದೇ ಬಾಕಿ, ಮೇಮೆ. ತಾಯಿ ಹೂಂ ಅನ್ನದೆ ಬಿಷಪ್ಪರು ಹೆಸರು ಹಾಕಲ್ಲ."

"ಎಲ್ಲಿ ನಿಂತು ಓದ್ತೀರಿ?" ಎಂದೆ ನಾನು.

"ಪ್ರಸಂಗಪೀಠದಲ್ಲಿ."

"ಯಾವಾಗ?"

"ಪ್ರಸಂಗ ಆದ್ಮೇಲೆ," ಎಂದ ಪಾಸ್ಟರ್ ಅಲ್ಲಿಗೇ ನಿಲ್ಲಿಸಿದರು. ನಾನೇಕೆ ಕೇಳಿದೆನೆಂದು ಅವರಿಗೆ ಹೊಳೆದಿತ್ತು.

ಫಿನ್‌ಲೆಂಡಿನ ಮಿಷನರಿಗಳು ನಮಗೆ ಕಲಿಸಿಕೊಟ್ಟ ಕ್ರಮ ಅದು. ಪಾಸ್ಟರರ ಉಪದೇಶದ ಪ್ರಸಂಗ ಮುಗಿದ ಮೇಲೆ ಆ ವಾರ ತೀರಿಕೊಂಡವರ ಹೆಸರನ್ನು ಆ ಪೀಠದಿಂದಲೇ ಓದುತ್ತಾರೆ. ಸಭೆ ಎದ್ದು ನಿಲ್ಲುತ್ತದೆ. ಒಂದೊಂದು ಹೆಸರಿಗೂ ಗಂಟೆ ಹೊಡೆಯುತ್ತಾರೆ. ನನ್ನ ಗಂಡನ ಹೆಸರನ್ನು ನಾನು ಕೇಳಿದ್ದು ಹಾಗೆ. ನಡೆಯಲು ಕಲಿಯುವ ಮೊದಲೇ ಹೋದ ನನ್ನ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಹಾಗೆಯೇ ಕೇಳಿದ್ದೆ.

"ಬೇಡ ಪಾಸ್ಟರೇ. ಬದುಕಿರೋ ಮಗನ ಹೆಸರು ಅಲ್ಲಿಂದ ಬರಬಾರದು."

"ಇದು ಹುಡುಕೋಕೆ ಓದೋ ಹೆಸರು, ಹೂಳೋಕಲ್ಲ."

"ಸಾವಿಗೆ ಅದೆಲ್ಲ ಗೊತ್ತಾಗುತ್ತಾ?"

ಲೋಯಿಡೆ ಒನಕೆ ನಿಲ್ಲಿಸಿದಳು. "ನನ್ ಮಗಳ ಹೆಸರು ಓದಿಸ್ತಾ ಇದೀನಲ್ಲ. ಹಾಗಾದ್ರೆ ನಾನೇನು ಅವಳನ್ನ ಕೊಂದ ಹಾಗಾ, ಹೇಳು?"

ನಾನು ಹಿಟ್ಟು ಜರಡಿ ಹಿಡಿದೆ. ಪಾಸ್ಟರ್ ಮತ್ತೆರಡು ಸಲ ಕೇಳಿದರು. ಎರಡು ಸಲವೂ ಬೇಡವೆಂದು ತಲೆಯಾಡಿಸಿಬಿಟ್ಟೆ.

ಆ ಭಾನುವಾರ ಪತ್ರ ಓದಿದರು. ತಮ್ಮನನ್ನು ಕೊಂದ ಕಾಯಿನನನ್ನು ದೇವರು ಕೇಳಿದ, ನಿನ್ನ ತಮ್ಮನೆಲ್ಲಿ ಎಂಬ ಪ್ರಶ್ನೆಯನ್ನೇ ಬಿಷಪ್ಪರು ಸರಕಾರಕ್ಕೆ ಕೇಳಿದ್ದರು. ಹೆಸರುಗಳು ಬರುತ್ತಿದ್ದಂತೆ ಸಭೆ ಅಭ್ಯಾಸಬಲದಿಂದ ಎದ್ದು ನಿಂತಿತು. ಗಂಟೆಯ ಮುದುಕನೂ ಹಗ್ಗಕ್ಕೆ ಕೈ ಹಾಕಿದ, ಪಾಸ್ಟರ್ ಕೈಯಾಡಿಸಿ ತಡೆದರು. ಆರು ಹೆಸರು. ಆರನೆಯದರ ನಂತರ ಅವರು ಹಾಳೆ ಮಡಚಿದಾಗ ನನಗೆ ಎಂಥ ಸಮಾಧಾನವಾಯಿತೆಂದರೆ, ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಸಂಜೆ ಲೋಯಿಡೆಯ ಮನೆಗೆ ಗಂಜಿ ಮಾಡಿಕೊಂಡು ಹೋದೆ. ಅವಳು ಗಡಿಗೆಯನ್ನು ನೋಡಿದಳು, ನನ್ನ ಮುಖ ನೋಡಿದಳು.

"ಸಾವಿನ ಮನೆಗೆ ತಂದ ಹಾಗೆ ತಂದಿದೀಯಲ್ಲೇ! ಎತ್ಕೊಂಡು ಹೋಗು!"

ಎತ್ತಿಕೊಂಡು ಬಂದೆ.

ಪತ್ರ ಹೇಗೋ ಸಮುದ್ರ ದಾಟಿತು. ಹೊರದೇಶದ ಚರ್ಚುಗಳು ಆ ಹೆಸರುಗಳನ್ನೇ ಹಿಡಿದು ಕಾಗದದ ಮೇಲೆ ಕಾಗದ ಬರೆದವಂತೆ. ಪತ್ರಿಕೆಗಳಲ್ಲೂ ಬಂದವಂತೆ. ಎರಡು ತಿಂಗಳೊಳಗೆ ಇಬ್ಬರು ಮನೆಗೆ ಬಂದರು. ಆಮೇಲೆ ಮೂವರು. ಇನ್ನೊಬ್ಬ ವಿಂಡ್‌ಹುಕ್‌ನ ಜೈಲಿನಲ್ಲಿದ್ದಾನೆಂದು ಒಪ್ಪಿಕೊಂಡರು. ಮೂವರಲ್ಲಿ ರೌನಾ ಒಬ್ಬಳು. ಕಡ್ಡಿಯಾಗಿದ್ದಳು, ಒಂದು ಕಿವಿ ಕೇಳುತ್ತಿರಲಿಲ್ಲ, ಆದರೂ ತನ್ನ ಕಾಲ ಮೇಲೆ ನಡೆದು ಬಂದಳು. ಲೋಯಿಡೆ ಮಗಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂದಲು ಬಾಚುತ್ತಿದ್ದಳು. ನನ್ನನ್ನು ಕಂಡು ಬಾಚಣಿಗೆಯನ್ನು ಬೆನ್ನ ಹಿಂದೆ ಅಡಗಿಸಿದಳು. ಅವಳು ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಪಾಸ್ಟರನ್ನು ಕರೆದುಕೊಂಡು ಸೈನ್ಯದ ಶಿಬಿರಕ್ಕೆ ಹೋದೆ. ಅಧಿಕಾರಿ ಬಿಳಿಯ. ಅವನ ಮಾತನ್ನು ತಿಳಿಸಲು ನಮ್ಮವನೇ ಒಬ್ಬನಿದ್ದ. ಅವನು ಬೇಕಾಗಿರಲಿಲ್ಲ, ಹುಡುಗಿಯಾಗಿದ್ದಾಗ ಗಣಿಯೂರಾದ ತ್ಸುಮೆಬ್‌ನಲ್ಲಿ ಬಿಳಿಯರ ಮನೆಯ ಬಟ್ಟೆ ಒಗೆದವಳು ನಾನು, ಅವರ ಮಾತು ನನಗೆ ಅರ್ಥವಾಗುತ್ತದೆ. ಅಧಿಕಾರಿ ಮೇಜಿನ ಖಾನೆಯಿಂದ ಬಿಷಪ್ಪರ ಪತ್ರವನ್ನೇ ತೆಗೆದ. ಹೆಸರುಗಳ ಮೇಲೆ ಬೆರಳಾಡಿಸಿದ.

"ಆರು ಜನ. ಆರೂ ಜನರ ಲೆಕ್ಕ ಕೊಟ್ಟಿದೀನಿ. ನಿನ್ ಮಗ ಇದರಲ್ಲಿಲ್ಲ. ನಿಮ್ಮ ಬಿಷಪ್ಪೇ ಅವನನ್ನ ಕೇಳಿಲ್ಲ, ನಾನ್ಯಾಕೆ ಹುಡುಕಲಿ?"

ಪಾಸ್ಟರ್ ಏನೋ ಹೇಳಲು ಹೊರಟರು. ನಾನು ಅವರ ತೋಳು ಹಿಡಿದು ಕರೆದುಕೊಂಡು ಬಂದೆ.

ಬಿಷಪ್ಪರ ಮನೆಗೆ ನಡೆದೇ ಹೋದೆ. ಅವರು ನನ್ನನ್ನು ಹತ್ತಿರ ಕೂರಿಸಿಕೊಂಡು ಪೂರ್ತಿ ಕೇಳಿದರು. ಆಮೇಲೆ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ತಪ್ಪು ನಂದು ಮೇಮೆ. ಇಂಥ ವಿಷಯಕ್ಕೆ ಬೇರೆಯವರನ್ನ ಕಳಿಸಬಾರದಿತ್ತು. ನಾನೇ ಬಂದು ನಿಮ್ಮ ಅಂಗಳದಲ್ಲಿ ಕೂತು ಕೇಳಬೇಕಿತ್ತು."

"ನೀವು ಬಂದಿದ್ರೂ ಬೇಡ ಅಂತಿದ್ದೆ," ಎಂದೆ. ನಿಜವನ್ನೇ ಹೇಳಿದೆ. ಅವರಿಗೆ ಸಮಾಧಾನ ಹೇಳಲು ನನ್ನ ಬಳಿ ಬೇರೇನೂ ಇರಲಿಲ್ಲ.

"ಈಗ?"

"ಈಗ ಬರೀರಿ. ಎಲ್ಲಿಂದ ಬೇಕಾದ್ರೂ ಓದಿಸಿ."

ಬರೆದರು. ಒಂದೇ ಹೆಸರಿನ ಪತ್ರ. ಊರ ಮೇಷ್ಟ್ರೊಬ್ಬ ಕಾಣೆಯಾದರೆ ಇಡೀ ಸಭೆಯ ಊಟದ ತಟ್ಟೆಯಲ್ಲಿ ಒಂದು ತುತ್ತು ಕಡಿಮೆಯಾಗುತ್ತದೆ, ಆ ತುತ್ತನ್ನು ಕೇಳಿ ಪಡೆಯುವುದೂ ಪ್ರಾರ್ಥನೆಯೇ ಎಂದಿತ್ತು ಅದರಲ್ಲಿ. ಎಫ್ರಾಯಿಮ್ ನತಾಂಗ್ವೆ ಎಂದು ಪಾಸ್ಟರ್ ನನ್ನ ಮಗನ ಪೂರ್ತಿ ಹೆಸರು ಓದಿದಾಗ ಲೋಯಿಡೆ ನನ್ನ ಸೊಂಟ ಬಳಸಿ ಹಿಡಿದಿದ್ದಳು. 

ಸೋಮವಾರ ಒಗೆದ ಅಂಗಿಯೊಂದನ್ನು ಗಂಟು ಕಟ್ಟಿಕೊಂಡು ಒಬ್ಬಳೇ ಶಿಬಿರಕ್ಕೆ ಹೋದೆ. ಅದೇ ಅಧಿಕಾರಿ ಇದ್ದ. ಹೊಸ ಪತ್ರವೂ ಅವನ ಮುಂದಿತ್ತು. ಈಗ ಹೆಸರು ಬಂದಿದೆಯಲ್ಲ ಎಂದು ನಮ್ಮ ಮಾತಿನಲ್ಲೇ ಹೇಳಿದೆ. ಅವನು ನನ್ನತ್ತ ನೋಡಲಿಲ್ಲ, ಮಾತು ತಿಳಿಸುವವನಿಗೆ ತನ್ನ ಭಾಷೆಯಲ್ಲಿ ಹೇಳಿದ:

"ಮೊದಲೇ ಕೇಳಬೇಕಿತ್ತು. ಮೊದಲ ಪತ್ರ ಬಂದಾಗ ಇದ್ದ. ಈಗ ಏನಿದೆ ಕೊಡೋಕೆ?"

ಮಾತು ತಿಳಿಸುವವನು ನನ್ನತ್ತ ತಿರುಗಿದ. ನನ್ನ ಮಗನಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು. ಅವನಿಗೂ ತಾಯಿ ಇದ್ದಾಳೆ.

"ಮುಂದಿನ ವಾರ ಬನ್ನಿ ಅಂತಿದಾರೆ, ಮೇಮೆ," ಎಂದ.



"ಆಗ್ಲಪ್ಪ, ಬರ್ತೀನಿ," ಎಂದೆ. ಅಂಗಿಯ ಗಂಟನ್ನು ಅವನ ಕೈಗೆ ಕೊಟ್ಟೆ. ಯಾರಿಗೆಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.