ಸಾಕು ಎನ್ನುವ ಕೆಲಸ

ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ ಶಸ್ತ್ರವೈದ್ಯರು ತಮ್ಮ ಬಲಗೈಯ ತೋರುಬೆರಳನ್ನು ದರ್ಜಿ ಹೆಂಗಸಿನ ಹೃದಯದೊಳಕ್ಕೆ ಇಳಿಸಿದರು. ಹೃದಯ ಬಡಿಯುತ್ತಲೇ ಇತ್ತು.

ಆ ಊರಿನಲ್ಲಿ ಅವರಿಗಿಂತ ಮೊದಲು ಯಾರೂ ಹೃದಯಕ್ಕೆ ಕೈಹಾಕಿದವರಲ್ಲ. ಹೃದಯವನ್ನು ನಿಲ್ಲಿಸಿ, ತೆರೆದು ನೋಡಿ, ಹೊಲಿಯಲು ಬೇಕಾದ ಯಂತ್ರ ಆಗಿನ್ನೂ ಬಂದಿರಲಿಲ್ಲ. ಚಿಕ್ಕಂದಿನ ಜ್ವರದಿಂದ ಆಕೆಯ ಹೃದಯದ ಕವಾಟದ ಎಸಳುಗಳು ಎರಡೂ ತುದಿಗಳಲ್ಲಿ ಅಂಟಿಕೊಂಡು, ನಡುವಿನ ದಾರಿ ಅಂಗಿಯ ಕಾಜದಷ್ಟು ಕಿರಿದಾಗಿತ್ತು. ಬೆರಳನ್ನು ಕುರುಡಾಗಿ ಒಳಗೆ ತೂರಿಸಿ, ಅಂಟಿದ್ದನ್ನು ಒತ್ತಿ ಬಿಡಿಸಬೇಕು. ಬೆರಳು ಕವಾಟದಲ್ಲಿರುವಷ್ಟು ಹೊತ್ತೂ ರಕ್ತದ ದಾರಿ ಬಂದ್.

ತಲೆಯ ಕಡೆ ಸ್ಟೂಲಿನ ಮೇಲೆ ಕೂತು ಮತ್ತಿನ ಔಷಧ ಕೊಡುತ್ತಿದ್ದವನು ಶಸ್ತ್ರವೈದ್ಯರ ಹೆಂಡತಿಯ ತಮ್ಮ. ಆಸ್ಪತ್ರೆಯವರ ಬಾಯಲ್ಲಿ ನಿದ್ದೆ ಡಾಕ್ಟರು. ಆಕೆಯ ಕಿವಿಯ ಮುಂದಿನ ನಾಡಿಯ ಮೇಲೆ ಅವನ ಎರಡು ಬೆರಳು. ಅವನು "ಸಾಕು" ಅಂದರೆ ಭಾವ ಬೆರಳನ್ನು ಹೊರಗೆ ತೆಗೆಯಬೇಕು, ಎದುರುಮಾತಿಲ್ಲ. ಸುಮ್ಮನಿದ್ದರೆ ಮುಂದುವರಿಯಬಹುದು. ಇದು ಅವರಿಬ್ಬರೇ ಮಾಡಿಕೊಂಡಿದ್ದ ಕಟ್ಟಳೆ.

ಇದಕ್ಕೆ ಮೊದಲಿನ ಮೂವರೂ ಉಳಿದಿರಲಿಲ್ಲ. ಇಬ್ಬರು ಟೇಬಲ್ಲಿನ ಮೇಲೆಯೇ ಹೋಗಿದ್ದರು. ಮೂರನೆಯವನು ಅಂಚೆಯವ. ಅವನ ನಾಡಿ ತೆಳುವಾದದ್ದೇ ತಡ, ನಿದ್ದೆ ಡಾಕ್ಟರ್ "ಸಾಕು" ಅಂದಿದ್ದ. ಕವಾಟ ಅರೆಬರೆ ಬಿಟ್ಟಿತ್ತು. ಅಂಚೆಯವ ನಡೆದುಕೊಂಡೇ ಮನೆಗೆ ಹೋದ, ಆದರೆ ಉಬ್ಬಸ ಬಿಡಲಿಲ್ಲ, ಕೆಲವೇ ವಾರಗಳಲ್ಲಿ ತೀರಿಕೊಂಡ. ಭಾವ ಆ ಬಗ್ಗೆ ತುಟಿ ಬಿಚ್ಚಿರಲಿಲ್ಲ. ಬಾಯಿಬಿಟ್ಟವಳು ಅಕ್ಕ, ಊಟಕ್ಕೆ ಬಡಿಸುವಾಗ.

"ನೀನು ಒಂದ್ಗಳಿಗೆ ತಡೆದಿದ್ರೆ ಅವನು ಬದುಕ್ತಿದ್ನಂತೆ ಕಣೋ. ನಿಮ್ಮ ಭಾವ ನಿದ್ದೇಲಿ ಕನವರಿಸ್ತಾರೆ."

ಆಸ್ಪತ್ರೆಯ ಸೂಪರಿಂಟೆಂಡೆಂಟರು ಭಾವನಿಗೆ ಅಷ್ಟು ಮೆತ್ತಗೆ ಹೇಳಿರಲಿಲ್ಲ. "ಮೂರು ಹೆಣ ಆಯ್ತು. ಇದೂ ಹೋದ್ರೆ ಆ ಬೆರಳನ್ನ ಜೇಬಲ್ಲಿಟ್ಕೊಂಡು ಓಡಾಡಿ. ಹೃದಯದ ಸುದ್ದಿ ಬೇಡ."

ಮೂವರು ಸತ್ತದ್ದು ದರ್ಜಿ ಹೆಂಗಸಿಗೂ ಗೊತ್ತಿತ್ತು, ಆದರೂ ಒಪ್ಪಿದ್ದಳು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವಳು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಥಿಯೇಟರಿಗೆ ಬಂದಾಗ ಅಂದಿದ್ದಳು: "ಹೊಲಿಗೆ ನೀಟಾಗಿ ಹಾಕಿ ಡಾಕ್ಟ್ರೇ. ಸೊಟ್ಟಗಾದ್ರೆ ನಾನೇ ಬಿಚ್ಚಿ ಹಾಕ್ಕೋತೀನಿ."

"ನಂದು ಹೊಲಿಯೋ ಕೆಲಸ ಕಮ್ಮಿ ಕಣಮ್ಮಾ. ಹರಿಯೋದೇ ಜಾಸ್ತಿ," ಅಂದಿದ್ದರು ಭಾವ.

ಈಗ ಅವರು ಮೊದಲ ತುದಿಯನ್ನು ಒತ್ತಿದರು. ಅದು ಬಿಟ್ಟುಕೊಂಡಿತು. ಬೆರಳು ಹಿಂದೆ ಸರಿಯಿತು. ನಿದ್ದೆ ಡಾಕ್ಟರ ಬೆರಳ ಕೆಳಗೆ ನಾಡಿ ತುಂಬಿಕೊಂಡು ಬಂತು. ಅಷ್ಟು ದಿನ ದಾರದೆಳೆಯಂತಿದ್ದದ್ದು ಹಗ್ಗದಂತಾಯಿತು. ಅಂಥ ನಾಡಿಯನ್ನು ಅವನು ಆ ಟೇಬಲ್ಲಿನ ಮೇಲೆ ಮುಟ್ಟಿಯೇ ಇರಲಿಲ್ಲ.

"ಆ ತುದಿ ಇನ್ನೂ ಅಂಟಿದೆ," ಅಂದರು ಭಾವ. "ಏನಂತೀಯ?"

"ಸಾಕು" ಎಂಬುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅಂಚೆಯವನ ನೆನಪಾಯಿತು. ಅವನು ಸುಮ್ಮನಿದ್ದ.

ಭಾವ ಎರಡನೇ ತುದಿಯನ್ನು ಒತ್ತಿದರು. ಅಂಟು ಬಿಟ್ಟಿತು, ಆದರೆ ಅಲ್ಲಿಗೇ ನಿಲ್ಲದೆ ಸೀಳು ಕವಾಟದ ಎಸಳಿಗೂ ಹರಿಯಿತು.

"ಹಿಂದಕ್ಕೆ ಚಿಮ್ತಾ ಇದೆ," ಅಂದರು. "ಬೆರಳಿಗೆ ಹೊಡೀತಿದೆ."

ಮುಂದೆ ಹೋಗಬೇಕಾದ ರಕ್ತ ಶ್ವಾಸಕೋಶದ ಕಡೆಗೆ ವಾಪಸಾಗುತ್ತಿತ್ತು. ಅದನ್ನು ಸರಿಪಡಿಸುವ ವಿದ್ಯೆ ಆಗ ಯಾರಲ್ಲೂ ಇರಲಿಲ್ಲ. ಭಾವ ಬೆರಳು ತೆಗೆದು, ಅದು ಇಳಿದಿದ್ದ ತೂತಿನ ಸುತ್ತಲಿನ ದಾರದ ಕುಣಿಕೆ ಬಿಗಿದು, ಎದೆ ಮುಚ್ಚಿದರು. ಹೊರಗಿನ ಹೊಲಿಗೆ ನೀಟಾಗಿಯೇ ಬಂತು.

ಮಧ್ಯಾಹ್ನ ಅವಳಿಗೆ ಎಚ್ಚರವಾಯಿತು. ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ತುಟಿಯಂಚಿನಲ್ಲಿ ತಿಳಿಗೆಂಪು ನೊರೆ.

"ಎದೆ ಮೊದಲಿಗಿಂತ ಬಿಗಿಯಾಗಿದೆಯಲ್ಲ ಡಾಕ್ಟ್ರೇ," ಅಂದಳು. "ಅಳತೆ ತಪ್ಪಿತಾ?"

ನಿದ್ದೆ ಡಾಕ್ಟರ್ ಆಮ್ಲಜನಕದ ಮುಖವಾಡವನ್ನು ಸರಿಪಡಿಸಿದ. ಸಂಜೆ ದೀಪ ಹಾಕುವ ಹೊತ್ತಿಗೆ ಅವಳು ಹೋದಳು. ಭಾವ ಹೊರಗೆ ಹೋಗಿ ಅವಳ ಗಂಡನಿಗೆ ಹೇಳಿ ಬಂದರು. ಆ ಮನುಷ್ಯ ಅವರಿಗೇ ಕೈಮುಗಿದನಂತೆ.

ಕೈ ತೊಳೆಯುವ ತೊಟ್ಟಿಯ ಬಳಿ ಇಬ್ಬರೇ ಉಳಿದಾಗ ಅವನು ಅಂದ: "ಭಾವ, ನಾನು ಸಾಕು ಅನ್ಬೇಕಿತ್ತು."

ಭಾವ ನಲ್ಲಿ ನಿಲ್ಲಿಸಲಿಲ್ಲ. "ಸಾಕು ಅಂತ ಈ ಬೆರಳಿಗೇ ಗೊತ್ತಾಗಿತ್ತು ಕಣಯ್ಯಾ. ಸೂಪರಿಂಟೆಂಡೆಂಟರಿಗೆ ಪೂರ್ತಿ ಬಿಡಿಸಿದ್ದು ತೋರಿಸ್ಬೇಕಿತ್ತು ನಂಗೆ. ಅಂಚೆಯವನಾದ್ಮೇಲೆ ನೀನು ಬೇಡ ಅನ್ನಲ್ಲ ಅಂತ ಗೊತ್ತಿದ್ದೇ ಕೇಳ್ದೆ."

ಅವನಿಗೆ ಅದರಿಂದ ಸಮಾಧಾನವೇನೂ ಆಗಲಿಲ್ಲ. ಮೊದಲ ತುದಿ ಬಿಟ್ಟಾಗಲೇ ನಾಡಿ ಹಗ್ಗದಂತಾದದ್ದು ಗೊತ್ತಿದ್ದವನು ಅವನೊಬ್ಬನೇ.

ಸೂಪರಿಂಟೆಂಡೆಂಟರು ಹೇಳಿದ ಮಾತಿಗೆ ತಪ್ಪಲಿಲ್ಲ. ಮರುದಿನ ಅದೇ ಟೇಬಲ್ಲಿನ ಮೇಲೆ ಭಾವ ಎರಡು ಹರ್ನಿಯಾ ಆಪರೇಷನ್ ಮಾಡಿದರು. ಇಬ್ಬರೂ ಗುಣವಾಗಿ ಮನೆಗೆ ಹೋದರು.